ಸೊಪ್ಪಿನ ಬೆಟ್ಟದಲ್ಲಿ ಹಾವು ಯಾವುದು, ಹಾವಲ್ಲದ್ದು ಯಾವುದು?

ಮಲೆನಾಡಿನ ಅಡಿಕೆ ಬೆಳೆಗಾರರು ಸೊಪ್ಪು ಮತ್ತು ತರಗೆಲೆಗಾಗಿ ಸೊಪ್ಪಿನ ಬೆಟ್ಟಕ್ಕೆ ಹೋಗುವುದು ವಾಡಿಕೆ. ಆಗ ಹಲವು ಬಗೆಯ ಸರೀಸೃಪಗಳು ಕಣ್ಣಿಗೆ ಬೀಳುತ್ತವೆ. ಕಂಡದ್ದನ್ನೆಲ್ಲ ಹಾವೆಂದು ಬಡಿದರೆ ತೋಟಕ್ಕೆ ನಷ್ಟ; ವಿಷದ ಹಾವನ್ನು ಅರಿಯದೆ ಕೈಹಾಕಿದರೆ ಜೀವಕ್ಕೇ ಅಪಾಯ. ಆದುದರಿಂದ ಕೆಳಗಿನ ಗುರುತುಗಳನ್ನು ನೆನಪಿಡಿರಿ.

ನಿರುಪದ್ರವಿಗಳು

1. ಹಾವುರಾಣಿ: ಇದು ಹಾವಲ್ಲ, ಹಲ್ಲಿಯ ಬಳಗದ್ದು. ಮೈ ಕಂದು, ಹೊಳಪು. ಕಾಲುಗಳು ನಾಲ್ಕು, ಆದರೆ ಗಿಡ್ಡ. ತರಗೆಲೆಯಲ್ಲಿ ನುಸುಳುವಾಗ ಕಾಲು ಕಾಣದೆ ಹಾವಿನ ಮರಿಯೆಂದು ತೋರುತ್ತದೆ. ಇದು ರೆಪ್ಪೆ ಮಿಟುಕಿಸುತ್ತದೆ, ಕಣ್ಣಿನ ಹಿಂದೆ ಕಿವಿಯ ರಂಧ್ರವಿದೆ. ಹಾವಿಗೆ ಇವೆರಡೂ ಇಲ್ಲ. ಹಾವುರಾಣಿಗೆ ವಿಷವಿಲ್ಲ, ಕೀಟಗಳೇ ಇದರ ಆಹಾರ.

2. ಹುಳುಹಾವು: ಎರೆಹುಳುವಿನಂತೆ ತೋರುವ ಪುಟ್ಟ ಹಾವು. ಎರೆಹುಳುವಿನ ಮೈಯಲ್ಲಿ ಉಂಗುರಗಳಿದ್ದರೆ ಇದರ ಮೈಯಲ್ಲಿ ನುಣುಪಾದ ಹುರುಪೆಗಳಿವೆ. ಇರುವೆ, ಗೆದ್ದಲುಗಳ ಮೊಟ್ಟೆ-ಮರಿಗಳನ್ನು ತಿನ್ನುತ್ತದೆ.

3. ಕೇರೆ ಹಾವು: ಎರಡು ಮೀಟರಿಗೂ ಹೆಚ್ಚು ಬೆಳೆಯಬಲ್ಲದು, ವಿಷವಿಲ್ಲ. ಇಲಿಗಳನ್ನು ಹಿಡಿಯುವ ಇದು ರೈತನ ಮಿತ್ರ.

ಎಚ್ಚರ ಬೇಕಾದವು

ನಾಗರಹಾವು, ಕಟ್ಟುಹಾವು, ಕೊಳಕುಮಂಡಲಗಳನ್ನು ಎಲ್ಲರೂ ಬಲ್ಲರು. ಬೆಟ್ಟದಲ್ಲಿ ಇವುಗಳ ಜೊತೆಗೆ ಗುಳಿಮಂಡಲಗಳೂ ಇವೆ. ಕಣ್ಣು ಮತ್ತು ಮೂಗಿನ ಹೊಳ್ಳೆಯ ನಡುವೆ ಗುಳಿ, ಅಗಲವಾದ ತಲೆ ಇವುಗಳ ಲಕ್ಷಣ. ಎಲೆಯ ಬಣ್ಣದಲ್ಲೇ ಬೆರೆತು ಅಲುಗದೆ ಮಲಗಿರುವುದರಿಂದ ತುಳಿಯುವ ಸಂಭವ ಹೆಚ್ಚು. ತ್ರಿಕೋನ ತಲೆಯಿದ್ದರೆ ಮಾತ್ರ ವಿಷದ ಹಾವೆಂದು ತಿಳಿಯಬಾರದು. ನಾಗರ ಮತ್ತು ಕಟ್ಟುಹಾವಿನ ತಲೆ ಹಾಗಿಲ್ಲ. ಗುರುತು ಸಿಗದ ಹಾವನ್ನು ವಿಷದ್ದೆಂದೇ ಎಣಿಸಿ ದೂರ ನಿಲ್ಲಿರಿ.

ನಡೆಯುವಾಗ, ಕೆಲಸ ಮಾಡುವಾಗ

ಪಾದ ಮುಚ್ಚುವ ಗಟ್ಟಿ ಪಾದರಕ್ಷೆ ಧರಿಸಿ. ಎಲೆಯನ್ನು ಕೈಯಿಂದ ಬಾಚದೆ ಮೊದಲು ಕೋಲಿನಿಂದ ಕೆದಕಿ. ಕಲ್ಲು ಅಥವಾ ಮರದ ತುಂಡನ್ನು ಎತ್ತಬೇಕಾದಾಗ ಉದ್ದದ ಸಲಾಕೆಯಿಂದ ಆಚೆಯ ಅಂಚನ್ನು ಮೇಲೆತ್ತಿ ನಿಮ್ಮ ಕಡೆಗೆ ವಾಲಿಸಿ. ಆಗ ಕೆಳಗಿದ್ದ ಪ್ರಾಣಿಗೆ ಆಚೆ ಹೋಗಲು ದಾರಿಯಾಗುತ್ತದೆ. ಬೆಳಗಿನ ಬಿಸಿಲಿಗೆ ಸರೀಸೃಪಗಳು ಮೈಕಾಯಿಸಲು ಬಯಲಿಗೆ ಬರುವುದರಿಂದ ಕಾಲುದಾರಿಯ ಮೇಲೆ ಕಣ್ಣಿರಲಿ.

ಕಚ್ಚಿದರೆ

ಗಾಯವನ್ನು ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. ಉಂಗುರ, ಬಳೆಗಳನ್ನು ತೆಗೆಯಿರಿ. ಕಚ್ಚಿದ ಕೈ ಅಥವಾ ಕಾಲು ಅಲುಗಾಡದಂತೆ ಇರಿಸಿ, ರೋಗಿಯನ್ನು ನಡೆಸದೆ ತಡಮಾಡದೆ ಆಸ್ಪತ್ರೆಗೆ ಸಾಗಿಸಿ. ನಮ್ಮ ದೇಶದ ಸಾಮಾನ್ಯ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು. ಗುಳಿಮಂಡಲದ ವಿಷಕ್ಕೆ ಅದನ್ನು ನಂಬಿ ಕೂರುವಂತಿಲ್ಲ. ಆದರೂ ಆಸ್ಪತ್ರೆಗೆ ಹೋಗಲೇಬೇಕು. ರಕ್ತ ಹೆಪ್ಪುಗಟ್ಟುವಿಕೆ ಮತ್ತು ಮೂತ್ರಪಿಂಡದ ಮೇಲೆ ನಿಗಾ ಇಟ್ಟು ಅಲ್ಲಿ ಚಿಕಿತ್ಸೆ ನೀಡುತ್ತಾರೆ.

ಕೂಲಿಯಾಳುಗಳಿಗೂ ಮನೆಯ ಮಕ್ಕಳಿಗೂ ಈ ಗುರುತುಗಳನ್ನು ತಿಳಿಸಿರಿ. ನಿರುಪದ್ರವಿಗಳು ಉಳಿದರೆ ಇಲಿ, ಗೆದ್ದಲುಗಳ ಹತೋಟಿಗೆ ನೆರವಾಗುತ್ತವೆ.