ಖಡ್ಗದ ಹುಟ್ಟು ಮತ್ತು ತಂಗಡಿ ಗಿಡ

ಶುಕ್ರವಾರ ಜುಮಾ ನಮಾಜಿನ ಬಿಡುವು ಮುಗಿದರೂ ದ್ವಿತೀಯ ಪಿಯುಸಿಯ ಕೆಲವರು ಕೆಮಿಸ್ಟ್ರಿ ಲ್ಯಾಬಿನ ಮುಂದೆ ವಾದ ನಿಲ್ಲಿಸಿರಲಿಲ್ಲ. ವಿಷಯ ‘ಗೇಮ್ ಆಫ್ ಥ್ರೋನ್ಸ್’ನ ಕತ್ತಿಗಳು. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಕಾದಂಬರಿಗಳಲ್ಲಿ ಬರುವ ‘ಲೈಟ್‌ಬ್ರಿಂಗರ್’ ಎಂಬ ಉರಿಯುವ ಖಡ್ಗ ನಿಜವಾಗಿ ಯಾವುದು ಎಂಬ ಬಗ್ಗೆ ಅಭಿಮಾನಿಗಳು ಕಟ್ಟಿದ ಊಹೆಗಳು ಒಂದೆರಡಲ್ಲ. ಅದು ಕತ್ತಿಯೇ ಅಲ್ಲ, ಡ್ರ್ಯಾಗನ್ ಎನ್ನುವವರಿದ್ದಾರೆ. ಬಿದ್ದ ನಕ್ಷತ್ರದಿಂದ ಮಾಡಿದ ‘ಡಾನ್’ ಎಂಬ ಇನ್ನೊಂದು ಖಡ್ಗವೇ ಅದು ಎನ್ನುವವರೂ ಇದ್ದಾರೆ. ಕಥೆಯೊಳಗಿನ ಐತಿಹ್ಯದಲ್ಲಿ ವೀರನು ಕಾದ ಕತ್ತಿಯನ್ನು ಮೊದಲು ನೀರಿಗೆ ಅದ್ದುತ್ತಾನೆ, ಮುರಿಯುತ್ತದೆ. ಇನ್ನೊಂದನ್ನು ಸಿಂಹದ ಎದೆಗೆ ಇಳಿಸುತ್ತಾನೆ, ಅದೂ ಮುರಿಯುತ್ತದೆ. ಮೂರನೆಯದನ್ನು ಹೆಂಡತಿಯ ಎದೆಗೆ ಇಳಿಸಿದಾಗ ಖಡ್ಗ ಸಿದ್ಧವಾಗುತ್ತದೆ.

ಅಲ್ಲಿಯವರೆಗೆ ಸುಮ್ಮನಿದ್ದ ಒಬ್ಬ ಹುಡುಗ ಆಗ ಕೇಳಿದ: “ಸಾರ್, ನೀರಿಗೆ ಅದ್ದಿದರೆ ಒಡೆಯೋದು ನಿಜ. ನಮ್ಮಪ್ಪನ ಕುಲುಮೆಯಲ್ಲೂ ಕೆಲವು ಸಲ ಮಚ್ಚು ಟಪ್ ಅಂತ ಸೀಳುತ್ತೆ. ಯಾಕೆ?” ಅವನ ತಂದೆ ಕಬ್ಬು ಕಡಿಯುವ ಮಚ್ಚು ಮಾಡುವವರು. ಈ ಪಾಠ ಅವನ ಪ್ರಶ್ನೆಗೆ.

ಕಬ್ಬಿಣದಲ್ಲಿ ಇಂಗಾಲ ಇಲ್ಲವೆಂಬಷ್ಟು ಕಡಿಮೆಯಿದ್ದರೆ ಅದು ಬಾಗುತ್ತದೆ. ಶೇ. 3-4ರಷ್ಟಿದ್ದರೆ ಬೀಡು, ಪೆಟ್ಟು ಬಿದ್ದರೆ ಒಡೆಯುತ್ತದೆ. ಇವೆರಡರ ನಡುವಿನದು ಉಕ್ಕು. ಕೆಂಪಗೆ ಕಾದ ಉಕ್ಕನ್ನು ದಿಢೀರನೆ ತಣಿಸಿದರೆ ಇಂಗಾಲದ ಪರಮಾಣುಗಳಿಗೆ ಹೊರಬರಲು ಸಮಯ ಸಿಗದೆ ಕಬ್ಬಿಣದ ಜಾಲಕದೊಳಗೇ ಸಿಕ್ಕಿಕೊಳ್ಳುತ್ತವೆ. ಹಾಗೆ ಆಗುವುದೇ ಮಾರ್ಟೆನ್‌ಸೈಟ್: ಬಹಳ ಗಡಸು, ಅಷ್ಟೇ ಪೆಡಸು. ಇಂಗಾಲ ಹೆಚ್ಚಿದ್ದಷ್ಟೂ ನೀರಿನಲ್ಲಿ ಬಿರುಕು ಬಿಡುವ ಅಪಾಯ ಹೆಚ್ಚು. ಎಣ್ಣೆ ನಿಧಾನವಾಗಿ ತಣಿಸುವುದರಿಂದ ಬಿರುಕು ಕಡಿಮೆ. ಅಂದರೆ ಐತಿಹ್ಯದ ಮೊದಲ ಹೆಜ್ಜೆ ಸರಿಯಾಗಿದೆ. ಉಳಿದೆರಡಕ್ಕೆ ನಾನು ಅಂಕ ಕೊಡಲಾರೆ. ರಕ್ತದಲ್ಲೂ ಹೆಚ್ಚಾಗಿರುವುದು ನೀರೇ.

ನಕ್ಷತ್ರದ ಖಡ್ಗ ಮಾತ್ರ ಬರಿಯ ಕಲ್ಪನೆಯಲ್ಲ. 1621ರಲ್ಲಿ ಜಾಲಂಧರದ ಬಳಿ ಉಲ್ಕೆ ಬಿದ್ದಾಗ ಬಾದಶಹ ಜಹಾಂಗೀರ್ ಅದರಿಂದ ಆಯುಧ ಮಾಡಿಸಿದ. ಆ ಲೋಹವೊಂದೇ ಸುತ್ತಿಗೆಯ ಪೆಟ್ಟಿಗೆ ನಿಲ್ಲಲಿಲ್ಲ. ಮೂರು ಪಾಲು ಉಲ್ಕೆಗೆ ಒಂದು ಪಾಲು ಸಾಧಾರಣ ಕಬ್ಬಿಣ ಬೆರೆಸಬೇಕಾಯಿತೆಂದು ಅವನೇ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ.

ಕಾದಂಬರಿಯ ‘ವೇಲೀರಿಯನ್ ಸ್ಟೀಲ್’ಗೆ ಮೈಮೇಲೆ ಅಲೆಯಂಥ ಗೆರೆಗಳು, ಮಾಡುವ ಗುಟ್ಟು ಕಳೆದುಹೋಗಿದೆ. ಡಮಾಸ್ಕಸ್ ಖಡ್ಗಗಳ ಬಗ್ಗೆ ಹೇಳುತ್ತಿದ್ದುದೂ ಇದನ್ನೇ. ಮೂಸೆಯ ಉಕ್ಕನ್ನು ಇರಾನ್, ಮಧ್ಯ ಏಷ್ಯಾಗಳಲ್ಲೂ ಮಾಡುತ್ತಿದ್ದರು, ಆದರೆ ಹೆಸರಾದದ್ದು ನಮ್ಮ ಕಡೆಯದು. ಅರಬಿಯಲ್ಲಿ ‘ಮುಹನ್ನದ್’ ಎಂದರೆ ಹಿಂದ್‌ನ ಉಕ್ಕಿನ ಖಡ್ಗ. ಕಅಬ್ ಬಿನ್ ಝುಹೈರ್ ಅವರು ಪ್ರವಾದಿಯವರ (ಸ) ಮುಂದೆ ಓದಿದ ಕಸೀದೆಯಲ್ಲಿ ಈ ಪದವಿದೆ. (ನಾವು ಹೆಚ್ಚಾಗಿ ಕೇಳುವ ಬೂಸೀರಿಯವರ ಬುರ್ದಾ ಬೇರೆ, ಅದು ಎಷ್ಟೋ ಶತಮಾನ ಈಚಿನದು.) 1795ರಲ್ಲಿ ಲಂಡನ್ನಿನ ವಿಜ್ಞಾನಿ ಜಾರ್ಜ್ ಪಿಯರ್ಸನ್ ಈ ಲೋಹದ ಮೇಲೆ ಪ್ರಬಂಧ ಬರೆದಾಗ ಬಳಸಿದ ಹೆಸರು ‘ವೂಟ್ಜ್’. ಅದು ನಮ್ಮ ‘ಉಕ್ಕು’ವಿನಿಂದ ಬಂದದ್ದೆಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ.

ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಮಂಡ್ಯ, ಮದ್ದೂರು ಹಾದು ಮೈಸೂರು ಸೀಮೆ ಸುತ್ತಿದ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಕಟ್ಟಿಗೆಯ ಚೂರು, ಹಸಿರೆಲೆ ಇಟ್ಟು, ಬಾಯಿ ಮುಚ್ಚಿ, ಕುಲುಮೆಯಲ್ಲಿ ಗಂಟೆಗಟ್ಟಲೆ ಕಾಯಿಸುವುದನ್ನು ಅವನು ದಾಖಲಿಸಿದ್ದಾನೆ. ಮಳವಳ್ಳಿ ಕಡೆಯ ಬಸ್ಸಿನಲ್ಲಿ ಬರುವವರು ದಿನವೂ ನೋಡುವ, ಹಳದಿ ಹೂವಿನ ಅದೇ ತಂಗಡಿ. ಕಟ್ಟಿಗೆಯ ಇಂಗಾಲ ಕಬ್ಬಿಣಕ್ಕೆ ಇಳಿದು, ಶೇ. 1ರಿಂದ 2ರಷ್ಟು ಇಂಗಾಲವಿರುವ ಉಕ್ಕಾಗುತ್ತಿತ್ತು. ಮದ್ದೂರಿನಿಂದಾಚೆಯ ಚನ್ನಪಟ್ಟಣದಲ್ಲಿ ಉಕ್ಕಿನಿಂದ ವಾದ್ಯಗಳ ತಂತಿ ಎಳೆಯುತ್ತಿದ್ದರು. ಖಡ್ಗಕ್ಕಿಂತ ನನಗೆ ಇದೇ ಹೆಚ್ಚು ಇಷ್ಟ.

ಗುಟ್ಟು ಕಳೆದದ್ದೇಕೆ? ಮೈಕೆಲ್ ಫ್ಯಾರಡೆ 1819ರ ಸುಮಾರಿಗೆ ಈ ಉಕ್ಕನ್ನು ವಿಶ್ಲೇಷಿಸಿ, ಅದರ ಗುಣಕ್ಕೆ ಅಲ್ಯುಮಿನಿಯಂ, ಸಿಲಿಕಾನ್ ಕಾರಣವೆಂದುಕೊಂಡರು. ಅದು ತಪ್ಪು. ಅಂಥವರೂ ತಪ್ಪಿದ್ದಾರೆ, ಪ್ರಾಕ್ಟಿಕಲ್‌ನಲ್ಲಿ ಲವಣ ತಪ್ಪಾಗಿ ಗುರುತಿಸಿದವರು ಅಳಬೇಕಿಲ್ಲ. 1998ರಲ್ಲಿ ಅಮೆರಿಕದ ಜಾನ್ ವೆರ್ಹೋವೆನ್ ಮತ್ತು ಕಮ್ಮಾರ ಆಲ್‌ಫ್ರೆಡ್ ಪೆಂಡ್ರೆ ಒಟ್ಟಿಗೆ ತೋರಿಸಿದ್ದು ಬೇರೆ: ಅದಿರಿನಲ್ಲಿ ಅತಿ ಅಲ್ಪ ವನೇಡಿಯಂನಂಥ ಧಾತುವಿದ್ದರೆ ಕಬ್ಬಿಣದ ಕಾರ್ಬೈಡ್ ಸಾಲುಗಟ್ಟಿ ಅಲೆಗಳು ಮೂಡುತ್ತವೆ. ಅಂಥ ಅದಿರು ಸಿಗದಾದಾಗ, ಹಿರಿಯರು ಕಲಿಸಿದ್ದನ್ನೇ ಮಾಡಿದರೂ ಅಲೆ ಬರಲಿಲ್ಲ ಎಂಬುದು ಅವರ ವಾದ. ಒಬ್ಬ ಪ್ರೊಫೆಸರ್, ಒಬ್ಬ ಕಮ್ಮಾರ. ಇಬ್ಬರ ಹೆಸರೂ ಪ್ರಬಂಧದ ಮೇಲಿದೆ. ಮೂಸೆಗೆ ತಂಗಡಿ ತುಂಬಿದ ನಮ್ಮವರ ಒಂದು ಹೆಸರೂ ಯಾವ ಖಡ್ಗದ ಮೇಲೂ ನಾನು ಕಂಡಿಲ್ಲ.

ಸೋಮವಾರ ಆ ಹುಡುಗ ಸೀಳಿದ ಮಚ್ಚಿನ ತುಂಡೊಂದನ್ನು ಪೇಪರಿನಲ್ಲಿ ಸುತ್ತಿ ತಂದಿದ್ದ. ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ್ದು. ಮುರಿದ ಅಂಚನ್ನು ಲೆನ್ಸಿನಲ್ಲಿ ಎಲ್ಲರೂ ಸರದಿಯಲ್ಲಿ ನೋಡಿದರು. ಮುಂದಿನ ಪಾಠಕ್ಕೆ ತಂದೆಯವರನ್ನೇ ಕರೆದುಕೊಂಡು ಬಾ ಎಂದಿದ್ದೇನೆ. ಕಬ್ಬಿನ ಕಟಾವು ಮುಗಿಯಲಿ, ಬರುತ್ತೇನೆ ಅಂದರಂತೆ.