ಕೂಡುರಸ್ತೆಯ ದೀಪಗಳು

ನಾಲ್ಕು ದಾರಿಗಳು ಕೂಡುವೆಡೆಯಲ್ಲಿ ಪರಸ್ಪರ ಪರಿಚಯವಿಲ್ಲದ ನೂರಾರು ಜನರು ಸಂಧಿಸುತ್ತಾರೆ. ಒಬ್ಬನಿಗೆ ರೋಗಿಯನ್ನು ಆಸ್ಪತ್ರೆಗೆ ಮುಟ್ಟಿಸುವ ಅವಸರ. ಇನ್ನೊಬ್ಬನಿಗೆ ಸಂತೆಗೆ ಸರಕನ್ನು ಒಯ್ಯುವ ಆತುರ. ಮಗುವಿನ ಕೈಹಿಡಿದ ತಾಯಿಗೆ ಸುರಕ್ಷಿತವಾಗಿ ಆಚೆಯ ಬದಿಗೆ ದಾಟಬೇಕೆಂಬ ಚಿಂತೆ. ಇವರಲ್ಲಿ ಯಾರು ಮೊದಲು, ಯಾರು ಅನಂತರ ಎಂಬುದನ್ನು ಮಾತಿಲ್ಲದೆ, ಜಗಳವಿಲ್ಲದೆ ತೀರ್ಮಾನಿಸುವುವು ಕಂಬದ ಮೇಲಿನ ಮೂರು ದೀಪಗಳು. ಕೆಂಪು ಬಂದರೆ ನಿಲ್ಲಬೇಕು, ಹಸುರು ಬಂದರೆ ಸಾಗಬಹುದು, ಹಳದಿ ಬಂದರೆ ನಿಲ್ಲಲು ಸಿದ್ಧರಾಗಬೇಕು. ಈ ಮೂರು ಮಾತುಗಳ ಭಾಷೆಯನ್ನು ಲೋಕವೆಲ್ಲ ಒಪ್ಪಿಕೊಂಡಿದೆ. ಆದರೆ ದೀಪಗಳನ್ನು ಜೋಡಿಸುವ ಕ್ರಮ, ನಿಲ್ಲಿಸುವ ಸ್ಥಳ, ತೂಗಿಸುವ ಬಗೆ ಇವು ನಾಡಿನಿಂದ ನಾಡಿಗೆ ಬೇರೆ ಬೇರೆಯಾಗಿವೆ. ಈ ವ್ಯತ್ಯಾಸಗಳ ಹಿಂದೆ ಆಯಾ ನಾಡಿನ ಹವೆ, ರಸ್ತೆ ಮತ್ತು ಜನಜೀವನಗಳ ಕಾರಣಗಳಿವೆ.

ಸಂಚಾರದೀಪದ ಮೂಲವನ್ನು ನಾವು ರೈಲುದಾರಿಯಲ್ಲಿ ಕಾಣಬಹುದು. ಜೆ. ಪಿ. ನೈಟ್ ಎಂಬ ರೈಲ್ವೆ ಎಂಜಿನಿಯರನು ರೈಲುದಾರಿಯ ಕೈಮರವನ್ನೇ ಮಾದರಿಯಾಗಿಟ್ಟುಕೊಂಡು ಒಂದು ಸಂಕೇತಸ್ತಂಭವನ್ನು ರೂಪಿಸಿದನು. 1868ರ ಡಿಸೆಂಬರ್ 10ರಂದು ಅದು ಲಂಡನ್ನಿನ ಪಾರ್ಲಿಮೆಂಟ್ ಭವನದ ಬಳಿ ಬಳಕೆಗೆ ಬಂದಿತು. ಹಗಲಿನಲ್ಲಿ ಅದರ ತೋಳುಗಳು ಅಡ್ಡವಾಗಿ ಚಾಚಿದರೆ ಗಾಡಿಗಳು ನಿಲ್ಲಬೇಕಾಗಿತ್ತು. ರಾತ್ರಿಯಲ್ಲಿ ಕೆಂಪು ಮತ್ತು ಹಸುರು ಅನಿಲದೀಪಗಳು ಅದೇ ಸೂಚನೆಯನ್ನು ಕೊಡುತ್ತಿದ್ದುವು. ಆದರೆ ಮರುತಿಂಗಳೇ ಅನಿಲವು ಸ್ಫೋಟಗೊಂಡು, ಅದನ್ನು ನಡೆಸುತ್ತಿದ್ದ ಪೊಲೀಸನು ತೀವ್ರವಾಗಿ ಗಾಯಗೊಂಡನು. ಹೀಗೆ ಜನರ ರಕ್ಷಣೆಗಾಗಿ ನಿಲ್ಲಿಸಿದ ಕಂಬವೇ ಅಪಾಯದ ಮೂಲವಾದುದರಿಂದ ಆ ಪ್ರಯತ್ನ ಅಲ್ಲಿಗೇ ನಿಂತಿತು.

ವಿದ್ಯುಚ್ಛಕ್ತಿಯು ಬಳಕೆಗೆ ಬಂದ ಮೇಲೆ ಈ ವಿಚಾರಕ್ಕೆ ಮರುಜೀವ ಬಂದಿತು. 1914ರ ಆಗಸ್ಟ್ 5ರಂದು ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ವಿದ್ಯುತ್ ಸಂಚಾರದೀಪಗಳು ಬೆಳಗಿದುವು. ಅಲ್ಲಿ ಇದ್ದುದು ಕೆಂಪು ಮತ್ತು ಹಸುರು ಮಾತ್ರ. ಓಡುತ್ತಿರುವ ವಾಹನವು ಕ್ಷಣಮಾತ್ರದಲ್ಲಿ ನಿಲ್ಲಲಾರದು. ಹಸುರು ಆರಿ ಕೆಂಪು ಹೊತ್ತಿದೊಡನೆ ಚಾಲಕನು ಇಕ್ಕಟ್ಟಿಗೆ ಸಿಲುಕುತ್ತಾನೆ. ಈ ಕೊರತೆಯನ್ನು ನೀಗಿಸಿದವರಲ್ಲಿ ಡೆಟ್ರಾಯಿಟ್ ನಗರದ ವಿಲಿಯಂ ಪಾಟ್ಸ್ ಎಂಬ ಪೊಲೀಸ್ ಅಧಿಕಾರಿ ಮುಖ್ಯನು. ಅವನು 1920ರಲ್ಲಿ ನಾಲ್ಕು ದಿಕ್ಕುಗಳಿಗೂ ಮುಖಮಾಡಿದ ಮೂರು ಬಣ್ಣಗಳ ದೀಪವನ್ನು ರಚಿಸಿದನು. ಹಳದಿಯ ಆ ಕೆಲವು ಕ್ಷಣಗಳು ಚಾಲಕನಿಗೆ ದೊರೆಯುವ ಕಾಲಾವಕಾಶ.

ಮೂರು ದೀಪಗಳಾದ ಮೇಲೆ ಅವನ್ನು ಹೇಗೆ ಜೋಡಿಸಬೇಕೆಂಬ ಪ್ರಶ್ನೆ ಎದ್ದಿತು. ಬಹುಪಾಲು ದೇಶಗಳು ಒಂದರ ಕೆಳಗೊಂದರಂತೆ ಕೆಂಪನ್ನು ಮೇಲೆ, ಹಳದಿಯನ್ನು ನಡುವೆ, ಹಸುರನ್ನು ಕೆಳಗೆ ಇರಿಸಿದುವು. ಜಪಾನಿನಲ್ಲಾದರೋ ದೀಪಗಳನ್ನು ಹೆಚ್ಚಾಗಿ ಅಡ್ಡಸಾಲಿನಲ್ಲಿ, ರಸ್ತೆಯ ಮೇಲೆ ಚಾಚಿದ ತೋಳಿಗೆ ಅಳವಡಿಸುತ್ತಾರೆ. ಹಾಗೆ ಮಾಡಿದಾಗ ದೀಪದ ಪೆಟ್ಟಿಗೆ ಕೆಳಕ್ಕೆ ಇಳಿಬೀಳುವುದಿಲ್ಲ. ಎತ್ತರವಾದ ಲಾರಿಗಳ ಮೇಲೆ ಹೆಚ್ಚು ತೆರಪು ಉಳಿಯುತ್ತದೆ. ಆದರೆ ಅದೇ ಜಪಾನಿನ ಹೊಕ್ಕೈಡೊ ಮೊದಲಾದ ಹಿಮ ಬೀಳುವ ಸೀಮೆಗಳಲ್ಲಿ ದೀಪಗಳು ಲಂಬವಾಗಿ ನಿಲ್ಲುತ್ತವೆ. ಅಡ್ಡಲಾದ ಪೆಟ್ಟಿಗೆಯ ಅಗಲವಾದ ನೆತ್ತಿಯ ಮೇಲೆ ಹಿಮವು ರಾಶಿಯಾಗಿ ಕೂಡಿ ಭಾರವಾಗುತ್ತದೆ. ಲಂಬವಾದ ಪೆಟ್ಟಿಗೆಯ ನೆತ್ತಿ ಕಿರಿದು, ಹಿಮಕ್ಕೆ ಅಲ್ಲಿ ನೆಲೆಯಿಲ್ಲ.

ಹಿಮವು ಎಂಜಿನಿಯರುಗಳಿಗೆ ಮತ್ತೊಂದು ಪಾಠವನ್ನೂ ಕಲಿಸಿತು. ಹಳೆಯ ಬಲ್ಬುಗಳು ವಿದ್ಯುತ್ತಿನ ಬಹುಪಾಲನ್ನು ಶಾಖವಾಗಿ ಕಳೆಯುತ್ತಿದ್ದುವು. ಅವುಗಳ ಬದಲಿಗೆ ಬಂದ ಎಲ್.ಇ.ಡಿ. ದೀಪಗಳಿಂದ ವಿದ್ಯುತ್ತಿನ ಉಳಿತಾಯ ಬಹಳವಾಯಿತು. ಆದರೆ ವ್ಯರ್ಥವೆಂದು ತಿಳಿದಿದ್ದ ಆ ಶಾಖವೇ ದೀಪದ ಮುಖಕ್ಕೆ ಅಂಟಿದ ಹಿಮವನ್ನು ಕರಗಿಸುತ್ತಿತ್ತು! ಹೊಸ ದೀಪಗಳ ಮುಖವನ್ನು ಹಿಮವು ಮುಚ್ಚಿದಾಗ ಚಾಲಕರಿಗೆ ಬಣ್ಣವೇ ಕಾಣದಾಯಿತು. ಆಗ ದೀಪದ ಮುಖವನ್ನು ಕೆಳಮುಖವಾಗಿ ಓರೆಮಾಡುವುದು, ಮರೆತಗಡಿನ ಆಕಾರವನ್ನು ಬದಲಿಸುವುದು ಮೊದಲಾದ ಉಪಾಯಗಳನ್ನು ಹುಡುಕಬೇಕಾಯಿತು. ಒಂದು ಕಡೆಯ ಲಾಭವು ಮತ್ತೊಂದು ಕಡೆ ಏನನ್ನು ಕಳೆಯುತ್ತದೆಂಬುದನ್ನು ಮೊದಲೇ ವಿಚಾರಿಸಬೇಕೆಂಬುದಕ್ಕೆ ಇದೊಂದು ಒಳ್ಳೆಯ ನಿದರ್ಶನ.

ಹಿಮದಂತೆ ಗಾಳಿಯೂ ದೀಪದ ರೂಪವನ್ನು ತಿದ್ದಿದೆ. ಅಮೆರಿಕದ ಅನೇಕ ಊರುಗಳಲ್ಲಿ ರಸ್ತೆಯ ಎರಡು ಬದಿಯ ಕಂಬಗಳ ನಡುವೆ ತಂತಿಯನ್ನು ಎಳೆದು ದೀಪಗಳನ್ನು ತೂಗುಬಿಡುತ್ತಾರೆ. ಇದಕ್ಕೆ ಖರ್ಚು ಕಡಮೆ. ಆದರೆ ಬಿರುಗಾಳಿ ಬೀಸಿದಾಗ ದೀಪಗಳು ಉಯ್ಯಾಲೆಯಂತೆ ತೂಗಾಡುತ್ತವೆ. ಕೆಲವೊಮ್ಮೆ ತಿರುಗಿ ಬೇರೆ ದಿಕ್ಕಿಗೆ ಮುಖಮಾಡುತ್ತವೆ, ಕಿತ್ತು ಬೀಳುವುದೂ ಉಂಟು. ಆದುದರಿಂದ ಚಂಡಮಾರುತಗಳಿಗೆ ಈಡಾಗುವ ಫ್ಲಾರಿಡಾ ರಾಜ್ಯದ ಕರಾವಳಿಯಲ್ಲಿ ಉಕ್ಕಿನ ದೃಢವಾದ ತೋಳುಗಳಿಗೆ ದೀಪಗಳನ್ನು ಬಿಗಿಯುವ ಪದ್ಧತಿಗೆ ಪ್ರಾಶಸ್ತ್ಯ ದೊರೆತಿದೆ.

ದೀಪವು ಕೂಡುರಸ್ತೆಯ ಈಚೆ ಇರಬೇಕೋ ಆಚೆ ಇರಬೇಕೋ ಎಂಬುದರಲ್ಲಿಯೂ ಮತಭೇದವಿದೆ. ಅಮೆರಿಕದಲ್ಲಿ ಮುಖ್ಯ ದೀಪಗಳು ಸಾಮಾನ್ಯವಾಗಿ ಕೂಡುರಸ್ತೆಯ ಆಚೆಯ ಬದಿಯಲ್ಲಿರುತ್ತವೆ. ನಿಂತ ಚಾಲಕನು ತಲೆಯೆತ್ತದೆ ನೇರವಾಗಿ ನೋಡಬಹುದೆಂಬುದು ಇದರ ಅನುಕೂಲ. ಆದರೆ ಗೆರೆಯನ್ನು ದಾಟಿ ಮುಂದೆ ಬಂದರೂ ದೀಪವು ಕಾಣುವುದರಿಂದ, ಪಾದಚಾರಿಗಳು ದಾಟುವ ಪಟ್ಟಿಯ ಮೇಲೆಯೇ ವಾಹನ ನಿಲ್ಲಿಸುವ ಚಪಲ ಹುಟ್ಟಬಹುದು. ಫ್ರಾನ್ಸ್, ಜರ್ಮನಿ ಮೊದಲಾದ ಯೂರೋಪಿನ ದೇಶಗಳಲ್ಲಿ ಮುಖ್ಯ ದೀಪವು ನಿಲ್ಲುವ ಗೆರೆಯ ಸಮೀಪದಲ್ಲಿ, ಈಚೆಯ ಬದಿಯಲ್ಲಿದೆ. ಗೆರೆಯನ್ನು ಮೀರಿದವನಿಗೆ ದೀಪವು ಕಾಣಿಸದು. ಹೀಗಾಗಿ ದೀಪದ ಸ್ಥಾನವೇ ಶಿಸ್ತನ್ನು ಕಲಿಸುತ್ತದೆ. ಮೊದಲ ಸಾಲಿನ ಚಾಲಕನು ಕತ್ತು ನೋಯುವಂತೆ ಮೇಲೆ ನೋಡಬಾರದೆಂದು, ಫ್ರಾನ್ಸಿನಲ್ಲಿ ಅದೇ ಕಂಬದ ಮೇಲೆ ಕಣ್ಣಿನ ಮಟ್ಟದಲ್ಲಿ ಪುಟ್ಟ ದೀಪಗಳನ್ನೂ ಇರಿಸುತ್ತಾರೆ.

ಎಲ್ಲರ ಕಣ್ಣೂ ಒಂದೇ ಬಗೆಯಾಗಿ ಬಣ್ಣಗಳನ್ನು ಗುರುತಿಸಲಾರದು. ಯೂರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಕೆಂಪು ಹಸುರುಗಳ ಭೇದವು ಸ್ಪಷ್ಟವಾಗಿ ತಿಳಿಯುವುದಿಲ್ಲ. ಅಂತಹವರಿಗೆ ದೀಪದ ಸ್ಥಾನವೇ ಆಧಾರ. ಮೇಲಿನದು ಹೊತ್ತಿದರೆ ನಿಲ್ಲಬೇಕೆಂದು ಅವರು ತಿಳಿಯುತ್ತಾರೆ. 1968ರಲ್ಲಿ ವಿಯೆನ್ನಾದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವು, ಲಂಬವಾದ ಜೋಡಣೆಯಲ್ಲಿ ಕೆಂಪು ಮೇಲೆಯೇ ಇರಬೇಕೆಂದು ವಿಧಿಸಿತು. ಕೆನಡಾದ ಕ್ವಿಬೆಕ್ ಪ್ರಾಂತದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಲ್ಲಿನ ಅನೇಕ ದೀಪಗಳಲ್ಲಿ ಕೆಂಪು ಚೌಕಾಕಾರ, ಹಳದಿ ವಜ್ರಾಕಾರ, ಹಸುರು ದುಂಡು. ಅಡ್ಡಸಾಲಿನ ಎರಡು ತುದಿಗಳಲ್ಲಿಯೂ ಕೆಂಪು ದೀಪಗಳಿರುತ್ತವೆ. ಬಣ್ಣ ಕಾಣದವನಿಗೂ ಆಕಾರ ಕಾಣುತ್ತದೆ. ಜಪಾನಿನ ಹಲವು ಕೂಡುರಸ್ತೆಗಳಲ್ಲಿ ಅಂಧರಿಗಾಗಿ ಒಂದು ದಿಕ್ಕಿಗೆ ಕೋಗಿಲೆಯ ಜಾತಿಯ ಹಕ್ಕಿಯ ಕೂಗು, ಮತ್ತೊಂದು ದಿಕ್ಕಿಗೆ ಮರಿಹಕ್ಕಿಯ ಚಿಲಿಪಿಲಿ ಕೇಳಿಬರುತ್ತದೆ. ಯಾವ ರಸ್ತೆಯನ್ನು ದಾಟಬಹುದೆಂಬುದನ್ನು ಅವರು ಕಿವಿಯಿಂದಲೇ ಅರಿಯುತ್ತಾರೆ.

ಜನರ ಅಭಿಮಾನವೂ ಈ ಕಂಬಗಳನ್ನು ಮುಟ್ಟದೆ ಬಿಟ್ಟಿಲ್ಲ. ಅಮೆರಿಕದ ಸಿರಾಕ್ಯೂಸ್ ನಗರದ ಟಿಪ್ಪರೆರಿ ಹಿಲ್ ಎಂಬ ಬಡಾವಣೆಯಲ್ಲಿ ಐರ್ಲೆಂಡಿನಿಂದ ಬಂದು ನೆಲೆಸಿದವರಿದ್ದರು. ಹಸುರು ಅವರ ತಾಯ್ನಾಡಿನ ಬಣ್ಣ. ಕೆಂಪು ಬ್ರಿಟನ್ನಿನದೆಂದು ಅವರ ಭಾವನೆ. ಹಸುರಿನ ಮೇಲೆ ಕೆಂಪು ಇರುವುದನ್ನು ಸಹಿಸದೆ ಅಲ್ಲಿನ ಹುಡುಗರು 1920ರ ದಶಕದಲ್ಲಿ ದೀಪಕ್ಕೆ ಮತ್ತೆ ಮತ್ತೆ ಕಲ್ಲೆಸೆದರು. ಕಡೆಗೆ ನಗರಾಡಳಿತವು ಮಣಿದು ಹಸುರನ್ನು ಮೇಲೆ ಇರಿಸಿತು. ಅದು ಇಂದಿಗೂ ಹಾಗೆಯೇ ಇದೆ. ಪೂರ್ವ ಬರ್ಲಿನ್ನಿನಲ್ಲಿ ಕಾರ್ಲ್ ಪೆಗ್ಲಾವ್ ಎಂಬ ಮನಶ್ಶಾಸ್ತ್ರಜ್ಞನು 1961ರಲ್ಲಿ ಪಾದಚಾರಿಗಳಿಗಾಗಿ ಟೋಪಿ ಧರಿಸಿದ ಪುಟ್ಟ ಮನುಷ್ಯನ ಆಕೃತಿಯನ್ನು ರೂಪಿಸಿದನು. 1990ರಲ್ಲಿ ಜರ್ಮನಿಯು ಒಂದಾದ ಮೇಲೆ ಅದನ್ನು ತೆಗೆದುಹಾಕುವ ಪ್ರಯತ್ನಗಳು ನಡೆದುವು. ಜನರು ಪ್ರತಿಭಟಿಸಿದುದರಿಂದ ಅದು ಉಳಿಯಿತು. ಮಾತ್ರವಲ್ಲ, ಪಶ್ಚಿಮ ಬರ್ಲಿನ್ನಿನ ಬೀದಿಗಳಿಗೂ ಹಬ್ಬಿತು.

ಇನ್ನು ನಮ್ಮ ದೇಶದ ವಿಚಾರ. ನಮ್ಮಲ್ಲಿ ವಾಹನಗಳು ರಸ್ತೆಯ ಎಡಬದಿಯಲ್ಲಿ ಸಾಗುತ್ತವೆ. ದೀಪಗಳು ಸಾಮಾನ್ಯವಾಗಿ ಲಂಬವಾಗಿದ್ದು ಕೆಂಪು ಮೇಲಿರುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಸಂಸ್ಥೆಯು 1985ರಲ್ಲಿ ಸಂಚಾರದೀಪಗಳ ರಚನೆ ಮತ್ತು ಸ್ಥಾಪನೆಗಾಗಿ ಮಾರ್ಗಸೂಚಿಯನ್ನು ಪ್ರಕಟಿಸಿತು. ಬೆಂಗಳೂರಿನಂತಹ ನಗರದಲ್ಲಿ ಸಾಲುಮರಗಳ ಕೊಂಬೆಗಳೂ ಮುಂದೆ ನಿಂತ ಬಸ್ಸುಗಳೂ ಪಕ್ಕದ ಕಂಬವನ್ನು ಮರೆಮಾಡುತ್ತವೆ. ರಸ್ತೆಯ ಮೇಲೆ ತೋಳು ಚಾಚಿದ ಕಂಬಗಳು ಇಲ್ಲಿ ಉಪಯುಕ್ತವಾಗುವುದು ಇದರಿಂದಲೇ. ಉಳಿದ ಸೆಕೆಂಡುಗಳನ್ನು ಎಣಿಸಿ ತೋರಿಸುವ ಅಂಕಿಗಳೂ ನಮ್ಮ ಹಲವು ನಗರಗಳಲ್ಲಿ ಬಳಕೆಗೆ ಬಂದುವು. ಕಾಯುವವನು ಎಂಜಿನ್ನನ್ನು ನಿಲ್ಲಿಸಿ ಇಂಧನವನ್ನು ಉಳಿಸಬಹುದು. ಆದರೆ ಸೊನ್ನೆ ಬರುವ ಮೊದಲೇ ಮುನ್ನುಗ್ಗುವವನಿಗೆ ಅದೇ ಎಣಿಕೆ ಪ್ರಚೋದನೆಯೂ ಆಗುತ್ತದೆ.

ಸಂಚಾರದೀಪಕ್ಕೆ ತಡೆಗೋಡೆಯಿಲ್ಲ; ದಾಟುವವನನ್ನು ಹಿಡಿದು ನಿಲ್ಲಿಸುವ ಕೈಯೂ ಇಲ್ಲ. ಎದುರಿನವನು ಕೆಂಪನ್ನು ಕಂಡು ನಿಂತೇ ನಿಲ್ಲುತ್ತಾನೆಂಬ ನಂಬಿಕೆಯಿಂದ ನಾವು ಹಸುರಿನಲ್ಲಿ ಮುಂದೆ ಸಾಗುತ್ತೇವೆ. ಆ ನಂಬಿಕೆಯನ್ನು ಒಬ್ಬನು ಮುರಿದರೆ, ಅದರ ಬೆಲೆಯನ್ನು ತಪ್ಪು ಮಾಡದ ಮತ್ತೊಬ್ಬನು ಪ್ರಾಣದಿಂದ ತೆರಬೇಕಾದೀತು. ಹಿಮದ ನಾಡಿನವರು, ಬಿರುಗಾಳಿಯ ತೀರದವರು, ಬಣ್ಣ ಕಾಣದವರು, ಕಣ್ಣೇ ಕಾಣದವರು ಇವರೆಲ್ಲರನ್ನೂ ನೆನೆದು ಎಂಜಿನಿಯರುಗಳು ದೀಪವನ್ನು ತಿದ್ದಿದ್ದಾರೆ. ರಸ್ತೆ ಖಾಲಿಯಿದ್ದಾಗಲೂ, ನೋಡುವವರು ಇಲ್ಲದಿದ್ದಾಗಲೂ ಕೆಂಪಿಗೆ ನಿಲ್ಲುವುದು ದಾರಿಹೋಕರಾದ ನಮ್ಮ ಪಾಲಿನ ಕೆಲಸ.