ಮಾರಾಟಕ್ಕೆ ಬಾರದ ಸರಕಿನ ಮೌಲ್ಯ: ಕಾಂಪ್ಯಾಕ್ಟಿನ್‌ನ ಲೆಕ್ಕ

ಯಕೃತ್ತಿನಲ್ಲಿ ಕೊಲೆಸ್ಟರಾಲ್ ಹಲವು ಹಂತಗಳಲ್ಲಿ ತಯಾರಾಗುತ್ತದೆ. ಅವುಗಳಲ್ಲಿ ಎಚ್‌ಎಂಜಿ-ಕೋಎ ರಿಡಕ್ಟೇಸ್ ಎಂಬ ಕಿಣ್ವದ ಹಂತವೇ ಒಟ್ಟು ಉತ್ಪಾದನೆಯ ವೇಗವನ್ನು ನಿರ್ಧರಿಸುತ್ತದೆ. ಕಾರ್ಖಾನೆಯ ಮಾತಿನಲ್ಲಿ, ಸಾಲಿನ ಅತಿ ನಿಧಾನದ ಯಂತ್ರ. ಈ ಯಂತ್ರವನ್ನು ತಡೆಯುವ ವಸ್ತುವನ್ನು ಶಿಲೀಂಧ್ರಗಳಲ್ಲಿ ಹುಡುಕಲು ಜಪಾನಿನ ಸಾಂಕ್ಯೊ ಕಂಪನಿಯ ಅಕಿರಾ ಎಂಡೊ 1971ರಲ್ಲಿ ಹೊರಟರು. ಎರಡು ವರ್ಷಗಳಲ್ಲಿ ಸುಮಾರು 6,000 ತಳಿಗಳ ಪರೀಕ್ಷೆ ನಡೆಯಿತು. ಕೊನೆಗೆ ಕೈಗೂಡಿದ್ದು ಅಕ್ಕಿಯ ಮೇಲೆ ಬೆಳೆದಿದ್ದ ಪೆನಿಸಿಲಿಯಂ ಸಿಟ್ರಿನಮ್ ಎಂಬ ಬೂಷ್ಟಿನಿಂದ ದೊರೆತ ಕಾಂಪ್ಯಾಕ್ಟಿನ್.

ಇಲಿಗಳ ಮೇಲೆ ಅದು ಪರಿಣಾಮ ಬೀರಲಿಲ್ಲ. ಅಲ್ಲಿಗೇ ಕಡತ ಮುಚ್ಚಬಹುದಿತ್ತು. ಆದರೆ ಮೊಟ್ಟೆಯಿಡುವ ಕೋಳಿಗಳ ರಕ್ತದಲ್ಲಿ ಕೊಲೆಸ್ಟರಾಲ್ ಇಳಿಯಿತು. ಮುಂದೆ ರೋಗಿಗಳಲ್ಲೂ ಇಳಿಯಿತು. ಹೀಗಿದ್ದರೂ ನಾಯಿಗಳ ಮೇಲಿನ ದೀರ್ಘ ಪರೀಕ್ಷೆಯಲ್ಲಿ ವಿಷಗುಣದ ಸಂಶಯ ಮೂಡಿದ್ದರಿಂದ 1980ರಲ್ಲಿ ಕಂಪನಿಯು ಅಭಿವೃದ್ಧಿ ಕಾರ್ಯವನ್ನು ನಿಲ್ಲಿಸಿತು. ಅದೇ ಗುಂಪಿನ ಲೋವಾಸ್ಟಾಟಿನ್‌ನೊಂದಿಗೆ ಅಮೆರಿಕದ ಮರ್ಕ್ 1987ರಲ್ಲಿ ಮಾರುಕಟ್ಟೆಯನ್ನು ಮೊದಲು ಪ್ರವೇಶಿಸಿತು.

ಇಂತಹ ವೆಚ್ಚ ನಮ್ಮ ದೇಶದ ಲೆಕ್ಕಪುಸ್ತಕದಲ್ಲಿ ಬಂದಿದ್ದರೆ? ಲೆಕ್ಕಪತ್ರ ಮಾನದಂಡ 26ರ ಪ್ರಕಾರ ಸಂಶೋಧನಾ ಹಂತದ ವೆಚ್ಚವನ್ನು ಆಯಾ ವರ್ಷದ ಲಾಭ-ನಷ್ಟ ಖಾತೆಗೇ ಹಾಕತಕ್ಕದ್ದು. ಅಭಿವೃದ್ಧಿ ಹಂತದ ವೆಚ್ಚವನ್ನು ಆಸ್ತಿಯೆಂದು ತೋರಿಸಲು ತಾಂತ್ರಿಕ ಸಾಧ್ಯತೆ, ಮಾರಾಟದ ಉದ್ದೇಶ, ಭವಿಷ್ಯದ ಆದಾಯ ಮುಂತಾದವು ರುಜುವಾತಾಗಬೇಕು. ಒಮ್ಮೆ ಖರ್ಚೆಂದು ಬರೆದುದನ್ನು ಮುಂದಿನ ವರ್ಷ ಆಸ್ತಿಯಾಗಿ ಎತ್ತಿಕೊಳ್ಳುವಂತಿಲ್ಲ. ನಿಯಮ ಕಠಿಣ, ಆದರೆ ಸರಿ. ಸಾಲ ಕೊಡುವವರು ಆಸೆಯನ್ನು ಅಡಮಾನವಾಗಿ ಪಡೆಯುವುದಿಲ್ಲ. ಪುಸ್ತಕದಲ್ಲಿ ಶೂನ್ಯವಾದುದೆಲ್ಲ ಉಗ್ರಾಣದಲ್ಲೂ ಶೂನ್ಯವೆಂದು ಬಗೆಯುವ ಮಾಲೀಕರದ್ದು ಮಾತ್ರ ಬೇರೆಯೇ ತಪ್ಪು.

ಸಾಂಕ್ಯೊ ಆ ತಪ್ಪು ಮಾಡಲಿಲ್ಲ. ಕಾಂಪ್ಯಾಕ್ಟಿನ್ ಔಷಧವಾಗಿ ಎಂದೂ ಮಾರಾಟವಾಗಲಿಲ್ಲ. ಆದರೆ ಅದನ್ನೇ ಕಚ್ಚಾವಸ್ತುವಾಗಿಸಿ, ಇನ್ನೊಂದು ಸೂಕ್ಷ್ಮಜೀವಿಯ ಮೂಲಕ ಮಾರ್ಪಡಿಸಿ ಪಡೆದ ಪ್ರವಾಸ್ಟಾಟಿನ್ 1989ರಲ್ಲಿ ಜಪಾನಿನ ಪೇಟೆಗೆ ಬಂದಿತು. ಮೂಲವಸ್ತು ಇಂದಿಗೂ ಮೆವಾಸ್ಟಾಟಿನ್ ಎಂಬ ಹೆಸರಿನಲ್ಲಿ, ಸಂಶೋಧನೆಗೆ ಮಾತ್ರ ಎಂಬ ಚೀಟಿಯೊಡನೆ, ಮಿಲಿಗ್ರಾಂ ಲೆಕ್ಕದಲ್ಲಿ ಪ್ರಯೋಗಾಲಯಗಳಿಗೆ ಮಾರಾಟವಾಗುತ್ತಿದೆ.

ಈ ಕವಲಿನ ಒಂದು ತುದಿ ಬೆಂಗಳೂರಿಗೂ ಬಂದಿದೆ. 1978ರಲ್ಲಿ ಪರಂಗಿಕಾಯಿಯ ಹಾಲಿನ ಪಪೇನ್ ಕಿಣ್ವದಿಂದ ವ್ಯಾಪಾರ ಆರಂಭಿಸಿದ ಬಯೋಕಾನ್, ಹುದುಗುವಿಕೆಯ ವಿದ್ಯೆಯನ್ನು ಬಿಡದೆ ಬೆಳೆಸಿತು. 2001ರಲ್ಲಿ ಲೋವಾಸ್ಟಾಟಿನ್ ತಯಾರಿಕೆಗೆ ಅಮೆರಿಕದ ಔಷಧ ನಿಯಂತ್ರಕರ ಅನುಮೋದನೆ ಪಡೆದ ಮೊದಲ ಭಾರತೀಯ ಕಂಪನಿಯಾಯಿತು. ಲೋವಾಸ್ಟಾಟಿನ್‌ನ ಅಮೆರಿಕದ ಪೇಟೆಂಟ್ ಮುಗಿದುದೂ ಅದೇ ವರ್ಷ.